ನನ್ನ ಮೇಲೆ ಕೂತ ಎಮ್ಮೆಯ ಹಾಡು

ಈ ವರ್ಷ ಮಾಘದಿಂದ ಚೈತ್ರದೊಳಗೆ ನಮ್ಮೂರಿನಲ್ಲಿ ನಾಲ್ಕು ಹೊಸ ಕಛೇರಿಗಳಾದವು. ನಾಲ್ಕಕ್ಕೂ ಹೋಗಿ ಬಂದೆ. ಹೆಂಡತಿ ತೀರಿಕೊಂಡು ವರ್ಷ ತುಂಬಿಲ್ಲ, ಆಗಲೇ ಹಾಡು ಕೇಳಲು ಹೊರಟ ನೋಡು ಎಂದು ಒಂದಿಬ್ಬರು ಆಡಿಕೊಂಡರಂತೆ. ಹೋಗದೆ ಮನೆಯಲ್ಲೇ ಕೂತಿದ್ದರೆ ತ್ರಿಪುರಾಂಬ ಪಟದೊಳಗಿಂದಲೇ ಬೈಯುತ್ತಿದ್ದಳು ಎಂಬುದು ಅವರಿಗೇನು ಗೊತ್ತು?

ಪ್ರತಿ ಕಛೇರಿಯಲ್ಲೂ ನನ್ನ ವಾಡಿಕೆಯಂತೆ ಪುಸ್ತಕದಲ್ಲಿ ಬರೆದುಕೊಂಡೆ. ಮೊದಲನೆಯದು ಕುಂಬಾರ ಬೀದಿಯ ಅಣ್ಣ ತಂಗಿಯದು, ಶಾಲೆಯ ಜಗಲಿಯ ಮೇಲೆ. ಅಣ್ಣನ ಕೈಯಲ್ಲಿ ಏಕತಾರಿ. ತಂಗಿ ಒಂದು ತಗಡಿನ ಟ್ರಂಕನ್ನು ಕವುಚಿ ಹಾಕಿಕೊಂಡು ಅಂಗೈಯಲ್ಲಿ ಬಡಿಯುತ್ತಿದ್ದಳು. ‘ಹುಣಸೆ ಚಿಗುರು ಅಗಿದ ಹಾಗಿತ್ತು, ಮನೆ ಮುಟ್ಟುವವರೆಗೂ ಬಾಯಲ್ಲಿ ನೀರು’ ಎಂದು ಬರೆದೆ. ಎರಡನೆಯವನು ಪರಸ್ಥಳದವನು. ಆರು ಸ್ಪೀಕರುಗಳನ್ನು ಗಾಡಿಯಲ್ಲಿ ಹೇರಿಕೊಂಡು ಬಂದಿದ್ದ. ಛತ್ರದ ಪಾರಿವಾಳಗಳು ಎದ್ದು ಹೋದವು, ಮೂರು ದಿನ ಹಿಂದಿರುಗಲಿಲ್ಲ. ‘ಕಿವಿ ತುಂಬಿತು, ಒಳಗೆ ಏನೂ ಇಳಿಯಲಿಲ್ಲ.’ ಮೂರನೆಯದು ಒಬ್ಬಳೇ ಹೆಂಗಸಿನದು. ಎಷ್ಟು ಮೆಲ್ಲಗೆ ಹಾಡಿದಳೆಂದರೆ, ಜನ ತಾವಾಗಿಯೇ ಎದ್ದು ಫ್ಯಾನುಗಳನ್ನು ನಿಲ್ಲಿಸಿ ಬೆವರುತ್ತ ಕೂತರು. ಅದಕ್ಕೆ ಒಂದು ಪುಟ ಪೂರ್ತಿ ಬರೆದೆ. ನಾಲ್ಕನೆಯದು ‘ಒದ್ದೆ ಚಪ್ಪಲಿ’ ಎಂದು ಹೆಸರಿಟ್ಟುಕೊಂಡ ಮೂವರು ಹುಡುಗಿಯರದು, ಮುಚ್ಚಿಹೋದ ಅಕ್ಕಿ ಗಿರಣಿಯಲ್ಲಿ. ನಾನು ಹೇಳಹೊರಟದ್ದು ಅದರ ವಿಷಯ.

ನಮ್ಮೂರಲ್ಲಿ ಬರೆದಿಡದಿದ್ದರೆ ಏನೂ ಉಳಿಯುವುದಿಲ್ಲ. ಹೊಸ ಹಾಡನ್ನು ಜನರೆದುರು ಮೊದಲ ಸಲ ಹಾಡಿದಾಗ ಅದು ಕೇಳುವವರಲ್ಲಿ ಒಬ್ಬರ ಮೇಲೆ ಹೋಗಿ ಕೂರುತ್ತದೆ. ಕೂತದ್ದು ಅವರಿಗೂ ಮರುದಿನ ಬೆಳಿಗ್ಗೆಯೇ ತಿಳಿಯುವುದು. ಮಿಕ್ಕವರು ಹೊಸಿಲು ದಾಟುವಷ್ಟರಲ್ಲಿ ಅದನ್ನು ಮರೆತಿರುತ್ತಾರೆ. ಕಟ್ಟಿ ಹಾಡಿದವರೂ ಮರೆತಿರುತ್ತಾರೆ. ಪದಗಳನ್ನು ಬರೆದುಕೊಳ್ಳಲು ನೋಡಿದವರುಂಟು. ಹೊರಗೆ ಬಂದರೆ ಹಾಳೆಯ ಮೇಲೆ ಅಕ್ಷರವಿರುತ್ತದೆ, ಓದಿಸಿಕೊಳ್ಳುವುದಿಲ್ಲ. ನಮ್ಮ ಅಭಿಪ್ರಾಯ ಮಾತ್ರ ನಿಲ್ಲುತ್ತದೆ. ಹಾಡು ಬೇಕೆಂದರೆ ಅದು ಯಾರ ಮೇಲೆ ಕೂತಿದೆಯೋ ಅವರ ಬಾಯಿಂದಲೇ ಕೇಳಬೇಕು, ಕೇಳಿ ಮತ್ತೆ ಮರೆಯಬೇಕು. ಒಬ್ಬರಿಗೆ ಒಂದೇ ಹಾಡು, ಆಯುಸ್ಸು ಪೂರ್ತಿ.

ಒಂದು ಕಛೇರಿಯಲ್ಲಿ ಹಾಡು ಕೂತವರೆಲ್ಲ ಸೇರಿ ಒಂದು ಗೊಂಚಲು. ಅವರು ತಿಂಗಳಿಗೊಮ್ಮೆ ಕಛೇರಿಯ ಕ್ರಮದಲ್ಲೇ ಸಾಲಾಗಿ, ಬೀದಿ ಬೀದಿಯಲ್ಲಿ ನಿಂತು ಹಾಡಿ ಬರುತ್ತಾರೆ. ಮುಂದೆ ಸೋಡಾ ಅಂಗಡಿಯವನು, ಅವನ ಹಿಂದೆ ಹೆಡ್‌ಮೇಷ್ಟ್ರು, ಅವರ ಹಿಂದೆ ಸೂಲಗಿತ್ತಿ, ಹೀಗೆ. ಗೊಂಚಲಿನಲ್ಲಿ ಒಬ್ಬರು ತೀರಿಹೋದರೆ ಅವರ ಹಾಡೂ ಹೋಯಿತು. ಆಮೇಲೆ ಆ ಹಾಡು ಎಷ್ಟು ಹೊತ್ತಿನದೋ ಅಷ್ಟು ಹೊತ್ತು ಎಲ್ಲರೂ ಸುಮ್ಮನೆ ನಿಲ್ಲುತ್ತಾರೆ. ಅದಕ್ಕೆ ಬಿಡುವು ಎನ್ನುತ್ತೇವೆ. ಬಿಡುವಿನ ಜಾಗದಲ್ಲಿ ತೀರಿಕೊಂಡವರ ಮನೆ ಕಡೆಯ ಒಬ್ಬರು ನಿಲ್ಲಬೇಕು, ಮತ್ತು ಹಾಗೆ ನಿಲ್ಲುವವರ ಮೇಲೆ ಬೇರೆ ಯಾವ ಹಾಡೂ ಕೂತಿರಬಾರದು.

ತ್ರಿಪುರಾಂಬ ಒಂದು ಗೊಂಚಲಿನ ಐದನೆಯವಳು. ನಾಟಕ ಕಂಪನಿಯೊಂದರ ಹಾರ್ಮೋನಿಯಂ ಮಾಸ್ತರರು ನಮ್ಮೂರಿಗೆ ಬಂದು ಎಂಟು ಹಾಡು ಹಾಡಿ ಹೋದಾಗ ಅವಳಿಗೆ ಹತ್ತೊಂಬತ್ತು. ಆ ದಿನ ನಾನೂ ಅಲ್ಲಿದ್ದೆ, ಎರಡು ಸಾಲು ಹಿಂದೆ. ನನ್ನ ಮೇಲೆ ಏನೂ ಕೂರಲಿಲ್ಲ. ಮರುವರ್ಷ ನಮ್ಮ ಮದುವೆಯಾಯಿತು. ನಲವತ್ತನಾಲ್ಕು ವರ್ಷ ಅಕ್ಕಿ ಆರಿಸುತ್ತ, ಬಟ್ಟೆ ಮಡಿಸುತ್ತ ಅವಳು ಅದನ್ನು ಹಾಡುತ್ತಿದ್ದಳು. ದಿನವೂ ನನಗೆ ಹೊಸದಾಗಿ ಕೇಳುತ್ತಿತ್ತು. ಊರಿನ ಕಛೇರಿಗಳನ್ನೆಲ್ಲ ಬರೆದಿಟ್ಟವನು ಮನೆಯ ಹಾಡಿನ ಬಗ್ಗೆ ಒಂದು ಸಾಲು ಬರೆಯಲಿಲ್ಲ. ನಾಳೆಯೂ ಇರುತ್ತದಲ್ಲ ಎಂದುಕೊಂಡಿದ್ದೆ. ಕಳೆದ ಆಷಾಢದಲ್ಲಿ ಅವಳು ಹೋದಳು. ನನ್ನಲ್ಲಿ ಉಳಿದದ್ದು ಆ ಹಾಡಿನ ಉದ್ದ ಮಾತ್ರ: ನಿಧಾನವಾಗಿ ನೂರೆಂಟು ಸಲ ಪಂಚಾಕ್ಷರಿ ಹೇಳುವಷ್ಟು.

ಅಂದಿನಿಂದ ಪ್ರತಿ ತಿಂಗಳ ಮೊದಲ ಸೋಮವಾರ ನಾಲ್ಕನೆಯವರಿಗೂ ಆರನೆಯವರಿಗೂ ನಡುವೆ ನಾನು ನಿಲ್ಲುತ್ತಿದ್ದೆ. ಕಣ್ಣು ಮುಚ್ಚಿ, ತುಟಿ ಅಲುಗದಂತೆ ಎಣಿಸಿ, ನೂರೆಂಟಾದ ಮೇಲೆ ತಲೆ ಆಡಿಸುತ್ತಿದ್ದೆ. ಆರನೆಯವರು ಹಾಡು ಎತ್ತಿಕೊಳ್ಳುತ್ತಿದ್ದರು. ತಿಂಗಳಲ್ಲಿ ಮಿಕ್ಕ ದಿನಗಳನ್ನು ನಾನು ಕಳೆಯುತ್ತಿದ್ದದ್ದೇ ಆ ದಿನಕ್ಕಾಗಿ.

ಆ ಜಾಗ ನನಗೆ ಸುಮ್ಮನೆ ಸಿಕ್ಕದ್ದಲ್ಲ. ನಾದಿನಿ ಜಲಜ ನಮ್ಮ ಪಕ್ಕದ ಮನೆಯಲ್ಲೇ ಇರುವವಳು; ಅಂಗನವಾಡಿಯಲ್ಲಿ ಮೂವತ್ತು ವರ್ಷ ಮಕ್ಕಳನ್ನು ಗದರಿ ಕೆಲಸ ಬಿಟ್ಟವಳು. ಅವಳ ಮೇಲೂ ಹಾಡು ಕೂತಿಲ್ಲ. ಕರ್ಮಾಂತರ ಮುಗಿದ ದಿನವೇ ಬಂದು, “ಭಾವ, ಅಕ್ಕನ ಜಾಗದಲ್ಲಿ ನಾನ್ ನಿಲ್ತೀನಿ” ಎಂದಳು. “ಹೆಂಡತಿ ಜಾಗ ಗಂಡನದು” ಎಂದೆ ನಾನು. “ನಿಮಗೆ ಹೆಂಡತಿ ಆಗೋಕೆ ಮುಂಚೆ ಹತ್ತು ವರ್ಷ ನಂಗೆ ಅಕ್ಕ ಆಗಿದ್ಲು” ಎಂದು ಹೇಳಿ ಎದ್ದು ಹೋದಳು. ಆಮೇಲೆ ನಮ್ಮ ಮಾತೆಲ್ಲ ಕಾಂಪೌಂಡಿನ ಗೋಡೆಯ ಮೇಲಿಂದಲೇ. ಊಟದ ಡಬ್ಬಿಯೂ ಅದರ ಮೇಲಿಂದಲೇ ಬರುತ್ತಿತ್ತು, ಒಂದೊಂದು ಕುಟುಕು ಮಾತಿನ ಜೊತೆ.

ಒದ್ದೆ ಚಪ್ಪಲಿಯವರ ಕಛೇರಿ ಒಂದು ಶನಿವಾರ ಮಧ್ಯಾಹ್ನ. ಗಿರಣಿಯ ನೆಲದ ಮೇಲೆ ಇನ್ನೂ ತೌಡಿನ ವಾಸನೆಯಿತ್ತು. ಒಬ್ಬಳು ತಮಟೆ, ಒಬ್ಬಳು ಹಾರ್ಮೋನಿಯಂ, ನಡುವೆ ಗಿಟಾರು ಹಿಡಿದು ಹಾಡಿದವಳು ಮೇದಿನಿ. ಹಾಡುಗಳನ್ನು ಕಟ್ಟಿದವಳೂ ಅವಳೇ. ಬಸ್ ನಿಲ್ದಾಣದ ಟಿಕೆಟ್ ಕಿಟಕಿಯಲ್ಲಿ ಕೂರುವ ಹುಡುಗಿ. ಏಳು ಹಾಡು ಹಾಡಿದರು. ಎರಡನೆಯದಕ್ಕೆ ನನ್ನ ಕಣ್ಣು ತುಂಬಿತೆಂದು ಪುಸ್ತಕ ಹೇಳುತ್ತದೆ. ಆರನೆಯದಕ್ಕೆ ಹೀಗೆ ಬರೆದಿದ್ದೆ: ‘ಹಗುರ. ನಗು ಬಂತು. ಭಕ್ತಿಗೆ ದೂರ. ಪಾದ ಮಾತ್ರ ತಾನಾಗಿ ಆಡುತ್ತಿತ್ತು.’

ಮರುದಿನ ಬೆಳಿಗ್ಗೆ ಅವಸರದಲ್ಲಿ ತಣ್ಣೀರಿನಲ್ಲೇ ಮಿಂದು, ವಿಭೂತಿ ಧರಿಸಿ, ಅಂಗೈಯಲ್ಲಿ ಇಷ್ಟಲಿಂಗವಿಟ್ಟುಕೊಂಡು ಪಂಚಾಕ್ಷರಿಗೆಂದು ಬಾಯಿ ತೆರೆದೆ. “ಎದ್ದೇಳೇ ಎಮ್ಮೆ, ಎದ್ದೇಳೇ, ಬಸ್ಸಿಗೆ ದಾರಿ ಬಿಡೇ” ಎಂದು ಹೊರಬಂತು. ಗಾಬರಿಯಿಂದ ಬಾಯಿ ಮುಚ್ಚಿದೆ. ಮತ್ತೆ ತೆರೆದರೆ, ಎಮ್ಮೆ ಉತ್ತರ ಕೊಟ್ಟಿತು: “ಏಳೋದಿಲ್ಲ ನಾನೇಳೋದಿಲ್ಲ, ನೀವೇ ಇಳೀರೋ ಕೆಳಗೆ.”

ಅರವತ್ತೆಂಟು ವರ್ಷ ಕಾದಿದ್ದೆ. ನೂರಾರು ಕಛೇರಿಗಳಲ್ಲಿ ಮುಂದಿನ ಸಾಲಿನಲ್ಲಿ ಕೂತು, ಶಿವನೇ, ನಿನ್ನೆದುರು ಹಾಡಲು ಒಂದು ಹಾಡು ಕೊಡು ಎಂದು ಬೇಡಿದ್ದೆ. ಅವನು ಕೊಟ್ಟದ್ದು ರಸ್ತೆಯಲ್ಲಿ ಮಲಗಿದ ಎಮ್ಮೆಯನ್ನು. ನಗು ಬಂತು, ಅದರ ಹಿಂದೆಯೇ ಭಯ. ಹಾಡು ಕೂತವನು ಇನ್ನೊಬ್ಬರ ಬಿಡುವಿಗೆ ನಿಲ್ಲುವಂತಿಲ್ಲ. ತ್ರಿಪುರಾಂಬಳ ಜಾಗ ಹೋಯಿತು.

ಆದರೆ ಒಂದು ದಾರಿಯಿತ್ತು. ಕಛೇರಿಯಾದ ಮರುವಾರದ ಭಾನುವಾರ ಹೊಸ ಗೊಂಚಲಿನ ಮೊದಲ ಸುತ್ತು. ಅಂದು ಬೀದಿಗೆ ಬಾರದ ಹಾಡು ಮುಂದೆ ಎಂದೂ ಬರುವುದಿಲ್ಲ, ಕೂತಲ್ಲೇ ಒಣಗಿಹೋಗುತ್ತದೆ. ಹಾಗೆ ಒಣಗಿದ ಹಾಡಿನವರು ಹಿಂದಿನಂತೆಯೇ ಖಾಲಿ ಎಂದು ಲೆಕ್ಕ. ಒಂದು ವಾರ ಬಾಯಿ ಬಿಗಿಹಿಡಿದರೆ ಸಾಕು, ಅದರ ಮರುದಿನ ಸೋಮವಾರ ನಾನು ನನ್ನ ಜಾಗದಲ್ಲಿ ನಿಲ್ಲಬಹುದು. ಶಿವನಿಗೆ ಗೊತ್ತೇ ಇತ್ತು. ಮೊದಲು ಕೇಳಿದವನೇ ಅವನು. ಜನರಿಗೆ ತಿಳಿಯದಿದ್ದರಾಯಿತು ಎಂದು ನಿಶ್ಚಯಿಸಿದೆ.

ಎರಡು ದಿನದಲ್ಲಿ ಏಳರಲ್ಲಿ ಆರು ಹಾಡುಗಳು ಪತ್ತೆಯಾದವು. ಒಂದು ಟೈರಿಗೆ ಪಂಕ್ಚರ್ ಹಾಕುವ ಹುಸೇನನ ಮೇಲೆ, ಒಂದು ದೇವಸ್ಥಾನದ ಹೂವಿನವಳ ಮೇಲೆ. ಕಛೇರಿಯ ಆರನೆಯದು, ನನ್ನ ಮೇಲೆ ಕೂತದ್ದು, ಮಾತ್ರ ಇಲ್ಲ. ಮಂಗಳವಾರ ಬೆಳಿಗ್ಗೆ ಪದ್ಧತಿಯಂತೆ ಮೂವರು ಹುಡುಗಿಯರೂ ಬೀದಿ ಬೀದಿ ತಿರುಗಿ ಬಚ್ಚಲುಮನೆಗಳ ಹಿಂದೆ ನಿಂತು ಕೇಳತೊಡಗಿದರು. ಹಾಡು ಕೂತವನು ತಲೆಯ ಮೇಲೆ ಬಿಸಿನೀರು ಬಿದ್ದಾಗ ಸುಮ್ಮನಿರಲಾರ ಎಂಬುದು ನಮ್ಮೂರಿನವರಿಗೆಲ್ಲ ಗೊತ್ತು. ನನಗೂ ಗೊತ್ತಿತ್ತು. ಆದ್ದರಿಂದ ಸೋಮವಾರದಿಂದಲೇ ಬಾಯಿ ತುಂಬ ನೀರು ತುಂಬಿಕೊಂಡು ಸ್ನಾನ ಮಾಡುತ್ತಿದ್ದೆ.

ಆ ಸಂಜೆ ಮೇದಿನಿ ನಮ್ಮ ಮನೆಗೇ ಬಂದಳು. ಕೆಲಸದಿಂದ ನೇರ ಬಂದಿದ್ದಳೆಂದು ಕಾಣುತ್ತದೆ, ಬೆರಳಿಗೆ ಟಿಕೆಟ್ಟಿನ ಮಸಿ ಅಂಟಿತ್ತು.

“ತಾತ, ನೀವು ಎಲ್ಲಾ ಬರ್ದಿಡ್ತೀರಂತೆ. ನಮ್ ಆರನೇದಕ್ಕೆ ಏನ್ ಬರ್ದಿದೀರ ಸ್ವಲ್ಪ ಓದ್ತೀರಾ?”

“ಯಾಕಮ್ಮ?”

“ಅದು ಹೆಂಗಿತ್ತು ಅಂತಾನೇ ನಂಗೆ ಗೊತ್ತಿಲ್ವಲ್ಲ. ಕಟ್ಟೋಕೆ ಎರಡು ತಿಂಗಳು ಹಿಡೀತು ಅಂತ ಗೊತ್ತು. ಮುಗಿಸಿದ ದಿನ ಖುಷಿಗೆ ಒಬ್ಳೇ ಕೂತು ಎರಡು ಮಸಾಲೆ ದೋಸೆ ತಿಂದೆ, ಅದೂ ಗೊತ್ತು. ಮಿಕ್ಕಿದ್ದೇನೂ ಇಲ್ಲ.”

ಪುಸ್ತಕ ತೆಗೆದು ಓದಿದೆ. ಅವಳು ‘ಭಕ್ತಿಗೆ ದೂರ’ ಎಂಬಲ್ಲಿ ನಕ್ಕಳು. “ಬಯ್ದಿದೀರ! ಇರ್ಲಿ. ಪಾದ ಆಡ್ತಿತ್ತು ಅಂತಾನೂ ಬರ್ದಿದೀರಲ್ಲ, ಹಂಗಾದ್ರೆ ಚೆನ್ನಾಗೇ ಇತ್ತು.” ಆಮೇಲೆ ಬೆರಳಿನ ಮಸಿ ಉಜ್ಜುತ್ತ ಹೇಳಿದಳು: “ಭಾನುವಾರದೊಳಗೆ ಸಿಗ್ದೆ ಹೋದ್ರೆ ಆ ಜಾಗದಲ್ಲಿ ನಾನೇ ನಿಲ್ಬೇಕು ತಾತ. ತಗೊಂಡೋರು ಊರಲ್ಲೇ ಇದಾರೋ, ಏನಾದ್ರೂ ಆಗೋಯ್ತೋ, ಒಂದೂ ಗೊತ್ತಾಗ್ತಿಲ್ಲ.”

ನನ್ನ ಗಂಟಲಲ್ಲಿ ಎಮ್ಮೆ ಎದ್ದು ನಿಂತಿತ್ತು. ಕಲ್ಲುಸಕ್ಕರೆಯ ಡಬ್ಬಿ ತೆಗೆದು ಅವಳಿಗೊಂದು ಚೂರು ಕೊಟ್ಟು, ದೊಡ್ಡ ತುಂಡೊಂದನ್ನು ನನ್ನ ಬಾಯಿಗೆ ಹಾಕಿಕೊಂಡೆ. ಅದು ಕರಗುವಷ್ಟರಲ್ಲಿ ಅವಳು ಹೊರಟುಹೋದಳು. ಆ ರುಚಿ ನನಗೆ ಹಿಡಿಸಲಿಲ್ಲ.

ಶನಿವಾರ ಜಲಜ ಗೋಡೆಯ ಮೇಲೆ ನುಚ್ಚಿನುಂಡೆಯ ಡಬ್ಬಿ ಇಟ್ಟಳು. ಇಟ್ಟು ಹೋಗಲಿಲ್ಲ.

“ಭಾವ, ಸೋಮವಾರದಿಂದ ನಿಮ್ ಬಚ್ಚಲಲ್ಲಿ ಶಿವನಾಮ ಇಲ್ಲ. ಬರೀ ಗೊಳಗೊಳ ಅಂತಿದೆ. ಬಾಯಲ್ಲಿ ನೀರ್ ಇಟ್ಕೊಂಡು ಸ್ನಾನ ಮಾಡ್ತಾರಾ ಯಾರಾದ್ರೂ?”

“ಹಲ್ಲು ನೋವು.”

“ನಿಮಗಿರೋವೆಲ್ಲ ಕಟ್ಟಿಸಿದ ಹಲ್ಲು. ಅವು ಹೆಂಗೆ ನೋಯ್ತವೆ?”

ಅವಳು ಡಬ್ಬಿಯ ಮುಚ್ಚಳವನ್ನು ಒತ್ತಿ ಒತ್ತಿ ಸರಿಮಾಡಿದಳು. “ನಾನು ಯಾರಿಗೂ ಹೇಳಲ್ಲ. ಹೇಳಿದ್ರೆ ಜಾಗದಾಸೆಗೆ ಹೇಳಿದ್ಲು ಅಂತೀರ. ನೀವೂ ಬಾಯಿ ಬಿಡ್ಬೇಡಿ, ಒಣಗಿಸಿ. ಆದ್ರೆ ಒಂದ್ ವಿಷಯ ನಿಮಗೆ ಗೊತ್ತಿರಲಿ. ಅಕ್ಕಂಗೆ ಹಾಡು ಕೂತಾಗ ನಮ್ಮಪ್ಪ, ವಯಸ್ಸಿಗೆ ಬಂದ ಹುಡುಗಿ ಬೀದೀಲಿ ನಿಂತು ಹಾಡೋದು ಬೇಡ, ಒಣಗೋಗ್ಲಿ ಅಂತ ರೂಮಲ್ಲಿ ಕೂಡಿಹಾಕಿದ್ರು. ಮೊದಲನೇ ಸುತ್ತಿನ ದಿನ ಅವಳು ಹಿತ್ಲ ಬಾಗಿಲಿಂದ ಓಡ್ಹೋದ್ಲು. ಸ್ಟೂಲ್ ಮೇಲೆ ಹತ್ತಿ ಚಿಲಕ ತೆಗ್ದೋಳು ನಾನು.”

“ಅವಳು ನನಗೆ ಹೇಳಲೇ ಇಲ್ಲವಲ್ಲ.”

“ಅಪ್ಪನ್ನ ನೀವು ದೇವರ ಥರ ನೋಡ್ತಿದ್ರಿ. ಯಾಕೆ ಕೆಡಿಸ್ಬೇಕು ಅಂತ ಇರ್ಬೇಕು.” ಹೇಳಿ ಒಳಗೆ ಹೋದಳು. ನಲವತ್ತನಾಲ್ಕು ವರ್ಷ ಸಂಸಾರ ಮಾಡಿದವನು ಡಬ್ಬಿ ಹಿಡಿದು ಗೋಡೆಯ ಬಳಿ ನಿಂತೇ ಇದ್ದೆ.

ಆದರೂ ಭಾನುವಾರ ಬೆಳಿಗ್ಗೆ ನಾನು ಮನಸ್ಸು ಬದಲಿಸಿರಲಿಲ್ಲ. ಹೊಸ ಗೊಂಚಲು ಕೇಳದೆ ಇರಲಾರೆ, ಕೇಳಿ ಸುಮ್ಮನಿರುತ್ತೇನೆ ಎಂದುಕೊಂಡು ಜಗಲಿಯ ಮೇಲೆ ಕೂತೆ. ಎಂಟು ಗಂಟೆಗೆ ಅವರು ನಮ್ಮ ಬೀದಿಗೆ ಬಂದರು. ಹುಸೇನ ಮೊದಲನೆಯವನು, ಟೈರಿನ ಕೆಲಸ ಮಾಡುವ ಕೈಯಿಂದ ಎಂಥ ನಯವಾಗಿ ತಾಳ ಹಾಕಿದ! ಎರಡನೆಯದಕ್ಕೆ ಈ ಸಲವೂ ಕಣ್ಣು ತುಂಬಿತು. ಐದನೆಯದು ಮುಗಿದ ರೀತಿ ವಿಚಿತ್ರವಾಗಿತ್ತು. ನಡೆಯುವವನು ಒಂದು ಕಾಲು ಎತ್ತಿ ನಿಂತುಬಿಟ್ಟ ಹಾಗೆ. ಮುಂದಿನದು ಬಂದು ಆ ಕಾಲನ್ನು ಇಳಿಸಬೇಕು.

ಮುಂದಿನ ಜಾಗದಲ್ಲಿ ಮೇದಿನಿ ನಿಂತಿದ್ದಳು, ಕೈ ಕಟ್ಟಿ, ತಲೆ ತಗ್ಗಿಸಿ. ನಾನು ನಿಲ್ಲುವ ಹಾಗೆಯೇ. ನಾನು ಜಗಲಿಯ ಮೇಲೆ ಗಟ್ಟಿಮುಟ್ಟಾಗಿ ಕೂತಿರುವಾಗ, ನನ್ನ ಸಲುವಾಗಿ ಒಬ್ಬಳು ಬೀದಿಯಲ್ಲಿ ಮೌನವಾಗಿ ನಿಂತಿದ್ದಳು.

ನಿಂತಳು, ನಿಂತಳು. ಜನ ಒಬ್ಬರ ಮುಖ ಒಬ್ಬರು ನೋಡಿದರು. ಏಳನೆಯವಳಾದ ಹೂವಿನವಳು ಬಾಯಿ ತೆರೆದು ಮುಚ್ಚಿದಳು. ಆಗ ನನಗೆ ಅರ್ಥವಾಯಿತು. ಎಷ್ಟು ಹೊತ್ತು ನಿಲ್ಲಬೇಕೆಂದು ಆ ಹುಡುಗಿಗೆ ಗೊತ್ತಿಲ್ಲ. ಕಟ್ಟಿದವಳಿಗೆ ಗೊತ್ತಿಲ್ಲ, ಕೇಳಿದವರಿಗೆ ಗೊತ್ತಿಲ್ಲ. ತೀರಿಹೋದವರ ಹಾಡಿನ ಉದ್ದವನ್ನಾದರೂ ಮನೆಯವರು ನೆನಪಿಟ್ಟಿರುತ್ತಾರೆ. ಈ ಹಾಡಿಗೆ ಅದೂ ಇಲ್ಲ. ಅವಳು ತಲೆಯೆತ್ತಿ ತನ್ನ ಇಬ್ಬರು ಗೆಳತಿಯರ ಕಡೆ ನೋಡಿದಳು, ಸಾಕಾ ಎಂದು ಕೇಳುವವಳಂತೆ. ಅವರೂ ಹೆಗಲು ಕುಣಿಸಿದರು. ಇಡೀ ಊರಿನಲ್ಲಿ ಅದರ ಅಳತೆ ಬಲ್ಲವನು ನಾನೊಬ್ಬನೇ, ಮತ್ತು ನಾನು ಬಾಯಿ ಮುಚ್ಚಿಕೊಂಡು ಕೂತಿದ್ದೆ.

ಜಗಲಿಯಿಂದ ಯಾವಾಗ ಇಳಿದೆನೋ ತಿಳಿಯದು. ಹೆಗಲ ಮೇಲಿನ ವಸ್ತ್ರ ಜಾರಿ ಬಿತ್ತು. ಮೇದಿನಿಯ ಪಕ್ಕಕ್ಕೆ ಹೋಗಿ, “ಸ್ವಲ್ಪ ಸರಿಯಮ್ಮ” ಎಂದೆ. ಹಾಡಿದೆ.

ಎಮ್ಮೆ ರಸ್ತೆಯ ನಡುವೆ ಮಲಗಿದೆ. ಡ್ರೈವರು ಹಾರನ್ ಹೊಡೆದ, ಕಂಡಕ್ಟರು ಬೇಡಿದ, ಎಮ್ಮೆ ಏಳಲಿಲ್ಲ. ಬಸ್ಸಿನವರು ಒಬ್ಬೊಬ್ಬರಾಗಿ ಇಳಿದರು. ಒಬ್ಬಳು ಬುತ್ತಿ ಬಿಚ್ಚಿದಳು. ಮಾತು ಬಿಟ್ಟಿದ್ದ ಇಬ್ಬರು ಹೊಂಗೆಯ ನೆರಳಲ್ಲಿ ಒಂದೇ ಬೀಡಿ ಹಂಚಿಕೊಂಡರು. ಹೋಗಬೇಕಾದ ಊರು ಎಲ್ಲರಿಗೂ ಸ್ವಲ್ಪ ಮರೆತುಹೋಯಿತು. ಕಡೆಗೆ ಎಮ್ಮೆ ತನ್ನಷ್ಟಕ್ಕೆ ತಾನೇ ಎದ್ದು ಹೋದರೂ ಒಬ್ಬರೂ ಬಸ್ಸು ಹತ್ತಲಿಲ್ಲ. ಹಾಡುತ್ತ ಹಾಡುತ್ತ ನನಗೆ ಇದು ಭಕ್ತಿಗೆ ಅಷ್ಟೇನೂ ದೂರದ್ದಲ್ಲ ಅನ್ನಿಸಿತು. ನನ್ನ ಧ್ವನಿ ಒಡಕು. ಆದರೆ ಬೀದಿಯ ಪಾದಗಳೆಲ್ಲ ಆಡುತ್ತಿದ್ದವು. ಎತ್ತಿದ್ದ ಕಾಲು ಇಳಿಯಿತು. ಹೂವಿನವಳು ಏಳನೆಯದನ್ನು ಎತ್ತಿಕೊಂಡಾಗ, ಗಿರಣಿಯಲ್ಲಿ ಕೇಳಿದ್ದ ಗೊಂಚಲು ಪೂರ್ತಿ ಕೂಡಿಕೊಂಡಿತು.

ಮುಗಿದ ಮೇಲೆ ಮೇದಿನಿ ನನ್ನ ತೋಳು ಹಿಡಿದುಕೊಂಡಳು. ನಗುತ್ತಿದ್ದಳು, ಮೂಗು ಸೋರುತ್ತಿತ್ತು. “ಇದನ್ನ ನಾನು ಕಟ್ಟಿದ್ನಾ ತಾತ? ನಾನಾ?”

“ಇನ್ನಾರಮ್ಮ? ಎರಡು ದೋಸೆಗೆ ತಕ್ಕ ಹಾಡೇ.”

“ಒಂದ್ ವಾರ ಬಚ್ಚಲಿನ ಹಿಂದೆ ಸೊಳ್ಳೆ ಕಚ್ಚಿಸ್ಕೊಂಡ್ವಲ್ಲ ನಿಮ್ಮಿಂದ!” ಎಂದಳು ತಮಟೆಯವಳು. ಎಲ್ಲರೂ ನಕ್ಕರು. ನಾನು ಕೈ ಮುಗಿದೆ.

ತ್ರಿಪುರಾಂಬಳ ಗೊಂಚಲಿನ ಹಿರಿಯರು ಗುರುಬಸಪ್ಪನವರು. ದರ್ಜಿ, ಕೊರಳಲ್ಲಿ ಸದಾ ಅಳತೆ ಪಟ್ಟಿ. ಅವರು ನಗಲಿಲ್ಲ. ಹತ್ತಿರ ಬಂದು ಮೆಲ್ಲಗೆ, “ಮರುಳಯ್ಯನೋರೇ, ನಾಳೆ ನೀವು ನಮ್ ಸಾಲಿಗೆ ಬರೋ ಹಾಗಿಲ್ಲ” ಎಂದರು.

“ಗೊತ್ತು.”

“ಯಾರನ್ನ ಕಳಿಸ್ತೀರಿ?”

ಜಲಜ ತನ್ನ ಬಾಗಿಲಲ್ಲಿ ನಿಂತಿದ್ದಳು. ಗೋಡೆಯ ಮೇಲಿಂದ ಕೇಳುವ ಮಾತಲ್ಲ ಅದು. ಒಂಬತ್ತು ತಿಂಗಳ ಮೇಲೆ ಅವಳ ಗೇಟು ತೆಗೆದು ಒಳಗೆ ಹೋದೆ.

“ಜಲಜ, ನಾಳೆ ಅಕ್ಕನ ಜಾಗದಲ್ಲಿ ನಿಲ್ತೀಯಾ?”

“ನಾನು ಕೇಳಿದಾಗ ಏನಂದ್ರಿ?”

“ಅಂದಿದ್ದು ತಪ್ಪು. ಈಗ ನಾನೇ ಕೇಳ್ತಾ ಇದೀನಿ.”

ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. “ಕಾಫಿ ಕುಡೀತೀರಾ?” ಎಂದಳು. ಅದೇ ಒಪ್ಪಿಗೆ. ಕಾಫಿ ಕುಡಿಯುತ್ತ, ನೂರೆಂಟು ಪಂಚಾಕ್ಷರಿಯ ಅಳತೆಯನ್ನು ಹೇಳಿಕೊಡಲು ಹೋದೆ. “ಅದೆಲ್ಲ ನನ್ ಕೈಲಾಗಲ್ಲ ಭಾವ. ಅಕ್ಕ ನಂಗೆ ಜಡೆ ಹಾಕ್ತಾ ಹಾಡೋಳು. ಬಾಚೋಕೆ ಶುರು ಮಾಡಿ ಎರಡನೇ ಜಡೆ ತುದಿ ಕಟ್ಟೋವರೆಗೆ. ಅಷ್ಟು ನಿಲ್ತೀನಿ” ಎಂದಳು.

ಸೋಮವಾರ ಅವರ ಸಾಲು ನಮ್ಮ ಬೀದಿಗೆ ಬಂದಾಗ ನಾನು ಜಗಲಿಯ ಮೇಲೆ ಕೇಳುವವನಾಗಿ ಕೂತಿದ್ದೆ. ನಾಲ್ಕು ಹಾಡುಗಳಾದವು. ಜಲಜ ಮುಂದೆ ಬಂದು ನಿಂತಳು, ಒಳ್ಳೆಯ ಸೀರೆ ಉಟ್ಟಿದ್ದಳು. ಕಣ್ಣು ಮುಚ್ಚಲಿಲ್ಲ. ಸೊಂಟದ ಬಳಿ ಅವಳ ಬೆರಳುಗಳು ಗಾಳಿಯಲ್ಲಿ ಮೂರು ಎಳೆ ಹಿಡಿದು ಹೆಣೆಯತೊಡಗಿದವು. ಎಣಿಸುವ ಕೆಲಸವಿಲ್ಲದ್ದರಿಂದ ನನಗೆ ಬೀದಿಯೆಲ್ಲ ಕೇಳಿಸಿತು: ಯಾರದೋ ಮನೆಯ ಒಗ್ಗರಣೆ, ಬಾವಿಯ ರಾಟೆ, ಗುರುಬಸಪ್ಪನವರ ಉಸಿರು.

ನನ್ನ ಅಳತೆಗೆ ಒಗ್ಗಿಹೋಗಿದ್ದ ಆರನೆಯವರು ಸಮಯವಾಯಿತೆಂದು ಬಾಯಿ ತೆರೆದರು. ಜಲಜಳ ಬೆರಳುಗಳು ಇನ್ನೂ ಆಡುತ್ತಿದ್ದವು. ಅವರು ಬಾಯಿ ಮುಚ್ಚಿಕೊಂಡರು. ಒಂಬತ್ತು ತಿಂಗಳು ನಾನು ದುಃಖದಲ್ಲಿ ಬೇಗ ಬೇಗ ಎಣಿಸುತ್ತಿದ್ದೆನೆಂದು ಆಗ ತಿಳಿಯಿತು. ಹಾಡು ಇನ್ನೂ ಮುಗಿದಿರಲಿಲ್ಲ. ಜಡೆಯ ತುದಿ ಬಾಕಿ ಇತ್ತು, ತ್ರಿಪುರಾಂಬ ಹಾಡುತ್ತಲೇ ಇದ್ದಳು. ನಾನು ಕಾಲು ಮಡಚಿ, ಗೋಡೆಗೊರಗಿ, ನೆಮ್ಮದಿಯಾಗಿ ಕೇಳಿದೆ.